ಬೆಳೆಗೆಂದು ಕೊಟ್ಟ ಹಣ

ಸರ್ಕಾರದವರು ರೈತನಿಗೆ ಹಣ ಕೊಡುತ್ತಾರೆಂದು ಕೇಳಿದಾಗ ಪಟ್ಟಣವಾಸಿಗಳಾದ ನಮ್ಮ ಮನಸ್ಸಿನಲ್ಲಿ ಎರಡು ಭಾವನೆಗಳು ಒಟ್ಟಿಗೆ ಏಳುವುದುಂಟು. ಅನ್ನ ಬೆಳೆಯುವವನಿಗೆ ಕೊಟ್ಟರೆ ತಪ್ಪೇನು ಎಂಬುದು ಒಂದು. ನಾವು ತೆತ್ತ ತೆರಿಗೆ ಎಲ್ಲಿಗೆ ಹೋಯಿತೋ ಎಂಬುದು ಮತ್ತೊಂದು. ಮೊದಲನೆಯದು ಕರುಣೆ, ಎರಡನೆಯದು ಸಂಶಯ. ಆದರೆ ಕರುಣೆಯಿಂದಾಗಲಿ ಸಂಶಯದಿಂದಾಗಲಿ ಬಗೆಹರಿಯದ ಪ್ರಶ್ನೆಯೊಂದು ಇವೆರಡರ ನಡುವೆ ಉಳಿದುಕೊಳ್ಳುತ್ತದೆ. ಆ ಹಣ ಯಾವ ದಾರಿಯಲ್ಲಿ ಹೋಗಿ, ಕಡೆಗೆ ಯಾರ ಕೈಯನ್ನು ಸೇರುತ್ತದೆ? ಇದನ್ನು ಕುರಿತು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ವಿಚಾರಕ್ಕಾಗಿ ನಾವು ಆರಿಸಿಕೊಂಡಿರುವ ಪ್ರಾಂತ್ಯ ಬಹು ದೂರದ್ದು. ಅಮೆರಿಕಾ ಸಂಯುಕ್ತ ಸಂಸ್ಥಾನದ ಒಂದೊಂದು ರಾಜ್ಯವನ್ನೂ ಕೌಂಟಿಗಳೆಂದು ವಿಭಾಗಿಸಿರುತ್ತಾರೆ. ನಮ್ಮ ತಾಲ್ಲೂಕಿಗಿಂತ ದೊಡ್ಡದು, ಜಿಲ್ಲೆಗಿಂತ ಚಿಕ್ಕದು ಎಂದು ಸ್ಥೂಲವಾಗಿ ತಿಳಿಯಬಹುದು. ದೇಶದಲ್ಲೆಲ್ಲ ಇಂಥವು ಮೂರು ಸಾವಿರಕ್ಕೂ ಮಿಕ್ಕಿ ಇವೆ. ಅವುಗಳಲ್ಲಿ ಆರ್ಕನ್ಸಾ ರಾಜ್ಯದ ಪಾಯಿನ್‌ಸೆಟ್ ಕೌಂಟಿ ಒಂದು. ಹೆಸರು ಹೊಸದೆಂದು ತೋರಬಹುದು. ಆದರೆ ನಮ್ಮ ಬೆಂಗಳೂರಿನ ತೋಟಗಳಲ್ಲಿ ಚಳಿಗಾಲ ಬಂದೊಡನೆ ತುದಿಯ ಎಲೆಗಳೆಲ್ಲ ಕುಂಕುಮದಂತೆ ಕೆಂಪಾಗುವ ಪಾಯಿನ್‌ಸೆಟಿಯಾ ಗಿಡವನ್ನು ಕಾಣದವರಿಲ್ಲ. ಆ ಗಿಡಕ್ಕೂ ಈ ಕೌಂಟಿಗೂ ಹೆಸರು ಬಂದದ್ದು ಮೆಕ್ಸಿಕೋ ದೇಶದಲ್ಲಿ ಅಮೆರಿಕಾದ ರಾಯಭಾರಿಯಾಗಿದ್ದ ಜೋಯೆಲ್ ಪಾಯಿನ್‌ಸೆಟ್ ಎಂಬ ಒಬ್ಬನೇ ಮನುಷ್ಯನಿಂದ. ಕೌಂಟಿಯ ನಡುವೆ ಕ್ರೌಲಿ ದಿಣ್ಣೆಯೆಂಬ ಎತ್ತರದ ನೆಲ ಉತ್ತರ ದಕ್ಷಿಣವಾಗಿ ಹರಡಿದೆ. ಅದರ ಪಶ್ಚಿಮಕ್ಕೆ ಭತ್ತದ ಬಯಲು. ಪೂರ್ವಕ್ಕೆ ಸೇಂಟ್ ಫ್ರಾನ್ಸಿಸ್ ನದಿಯ ಸೀಮೆ, ಹಿಂದಿನಿಂದ ಹತ್ತಿಗೆ ಹೆಸರಾದದ್ದು. 2020ರ ಜನಗಣತಿಯಲ್ಲಿ ಇಡೀ ಕೌಂಟಿಯ ಜನಸಂಖ್ಯೆ ಸುಮಾರು 23 ಸಾವಿರ. ನಮ್ಮಲ್ಲಿಯ ಒಂದು ಸಣ್ಣ ಪೇಟೆಯಷ್ಟು ಜನ! ಆದರೂ ಬೆಳೆಯ ಸಹಾಯಧನದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕಲಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಕ್ಕುವುದು ಕಷ್ಟ.

ಮೊದಲು ಈ ಪದ್ಧತಿ ಹುಟ್ಟಿದ ಬಗೆಯನ್ನು ತಿಳಿಯಬೇಕು. 1929ರಲ್ಲಿ ಅಮೆರಿಕಾದಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತ ರೈತನನ್ನು ನೆಲಕ್ಕೆ ಕೆಡವಿತು. ಅದಕ್ಕೆ ಮೊದಲು ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿಯ ಬೆಲೆ 1932ರ ವೇಳೆಗೆ 6 ಸೆಂಟಿನ ಸಮೀಪಕ್ಕೆ ಇಳಿಯಿತು. ಅಯೋವಾ ರಾಜ್ಯದಲ್ಲಿ ಕಲ್ಲಿದ್ದಲಿಗಿಂತ ಮುಸುಕಿನ ಜೋಳವೇ ಅಗ್ಗವಾಗಿ, ಜನರು ಅದನ್ನು ಒಲೆಗೆ ಹಾಕಿ ಚಳಿ ಕಾಯಿಸಿಕೊಂಡರು. ಪಟ್ಟಣಗಳಲ್ಲಿ ಹಸಿದವರ ಸಾಲು, ಹಳ್ಳಿಗಳಲ್ಲಿ ಕೊಳ್ಳುವವರಿಲ್ಲದ ಧಾನ್ಯದ ರಾಶಿ! ಬೆಲೆ ಇಳಿದಷ್ಟೂ ಸಾಲ ತೀರಿಸಲೆಂದು ರೈತನು ಹೆಚ್ಚು ಬೆಳೆದನು; ಹೆಚ್ಚು ಬೆಳೆದಷ್ಟೂ ಬೆಲೆ ಮತ್ತಷ್ಟು ಇಳಿಯಿತು. ಒಬ್ಬೊಬ್ಬ ರೈತನಿಗೂ ವಿವೇಕವೆಂದು ಕಂಡದ್ದು ಎಲ್ಲರೂ ಸೇರಿ ಮಾಡಿದಾಗ ಅವಿವೇಕವಾಯಿತು. ಈ ಸುಳಿಯಿಂದ ಯಾವ ರೈತನೂ ತಾನೊಬ್ಬನೇ ಈಜಿ ದಡ ಸೇರುವಂತಿರಲಿಲ್ಲ, ಸರ್ಕಾರ ಕೈಹಾಕಬೇಕಾಯಿತು.

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಸರ್ಕಾರ 1933ನೆಯ ಮೇ ತಿಂಗಳಲ್ಲಿ ಕೃಷಿ ಹೊಂದಾಣಿಕೆಯ ಕಾಯಿದೆಯನ್ನು ಮಾಡಿತು. ಅದನ್ನು ನಡೆಸಿದವರು ಹೆನ್ರಿ ವಾಲೆಸ್ ಎಂಬ ಕೃಷಿ ಮಂತ್ರಿಗಳು. ಅಯೋವಾದವರು, ರೈತರ ಪತ್ರಿಕೆಯ ಸಂಪಾದಕರಾಗಿದ್ದವರು, ಸಂಕರ ಜಾತಿಯ ಮುಸುಕಿನ ಜೋಳದ ಬಿತ್ತನೆಯನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. ಕಾಯಿದೆಯ ಮರ್ಮ ಸರಳವಾದದ್ದು. ರೈತನು ಕಡಿಮೆ ಬೆಳೆಯಲು ಒಪ್ಪಬೇಕು. ಒಪ್ಪಿದವನಿಗೆ ಸರ್ಕಾರ ಹಣ ಕೊಡಬೇಕು. ಬೆಳೆ ಕಡಿಮೆಯಾದರೆ ಬೆಲೆ ತಾನಾಗಿ ಏರುತ್ತದೆ. 1909ರಿಂದ 1914ರವರೆಗಿನ ಕಾಲದಲ್ಲಿ ರೈತನು ಮಾರುವ ಪದಾರ್ಥಕ್ಕೂ ಕೊಳ್ಳುವ ಪದಾರ್ಥಕ್ಕೂ ಯಾವ ಪ್ರಮಾಣವಿತ್ತೋ ಅದನ್ನು ನ್ಯಾಯದ ತಕ್ಕಡಿಯೆಂದು ಇಟ್ಟುಕೊಂಡರು. ಆದರೆ ಕಾಯಿದೆ ಬರುವ ವೇಳೆಗೆ ಆ ವರ್ಷದ ಹತ್ತಿ ಆಗಲೇ ಮೊಳೆತು ನಿಂತಿತ್ತು. ಆದ್ದರಿಂದ ಸುಮಾರು ಒಂದು ಕೋಟಿ ಎಕರೆ ಹತ್ತಿಯನ್ನು ಬೆಳೆದು ನಿಂತಹಾಗೆಯೇ ಉತ್ತು ಮಣ್ಣುಪಾಲುಮಾಡಿದರು. ಸಾಲಿನ ಮೇಲೆ ಕಾಲಿಡಬಾರದೆಂದು ಜನ್ಮವೆಲ್ಲ ಪಳಗಿದ್ದ ಹೇಸರಗತ್ತೆಗಳು ಬೆಳೆಯನ್ನು ತುಳಿಯಲೊಪ್ಪದೆ ಮೊಂಡುಹಿಡಿದುವೆಂದು ಆ ಕಾಲದವರು ಹೇಳುತ್ತಿದ್ದುದುಂಟು. ಅದೇ ವರ್ಷ ಸುಮಾರು 60 ಲಕ್ಷ ಹಂದಿಗಳನ್ನು ಅಕಾಲದಲ್ಲಿ ಕೊಂದರು. ಹಸಿವೆಯ ಕಾಲದಲ್ಲಿ ಇಂಥ ಕೆಲಸ ಜನರ ಮನಸ್ಸನ್ನು ನೋಯಿಸಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅದಿರಲಿ, ಬೆಲೆಯೇನೋ ಏರಿತು. ಹಣ ಹಂಚಿಕೆಯಾದ ರೀತಿಯಲ್ಲಿಯೇ ನಮ್ಮ ಕಥೆಯ ಗಂಟು ಇರುವುದು.

ದಕ್ಷಿಣದ ಹತ್ತಿಯ ಸೀಮೆಯಲ್ಲಿ ನೆಲದ ಒಡೆಯನು ಒಬ್ಬ, ಉಳುವವನು ಇನ್ನೊಬ್ಬ. ಉಳುವವನಿಗೆ ಸ್ವಂತದ್ದೆಂದು ನೆಲವಿಲ್ಲ. ಬಹುಮಟ್ಟಿಗೆ ಹೇಸರಗತ್ತೆ, ನೇಗಿಲು, ಬಿತ್ತನೆಯೂ ಒಡೆಯನದೇ. ಬಂದ ಬೆಳೆಯಲ್ಲಿ ಅರ್ಧ ಒಡೆಯನಿಗೆ, ಅರ್ಧ ಇವನಿಗೆ. ನಮ್ಮ ನಾಡಿನಲ್ಲಿ ವಾರಕ್ಕೆ ಮಾಡುವುದು ಎನ್ನುತ್ತಿದ್ದರಲ್ಲವೆ, ಅದೇ ಬಗೆ. ಹೀಗೆ ಉಳುವವರಲ್ಲಿ ಕರಿಯರೂ ಇದ್ದರು, ಬಿಳಿಯರೂ ಇದ್ದರು. ಸಾಲದಲ್ಲಿ ಇಬ್ಬರೂ ಸಮಾನರು. 1934 ಮತ್ತು 1935ನೆಯ ವರ್ಷಗಳಿಗೆ ಸರ್ಕಾರ ಮಾಡಿಕೊಂಡ ಹತ್ತಿಯ ಒಪ್ಪಂದದಲ್ಲಿ, ಬೆಳೆಯದೆ ಬಿಟ್ಟ ನೆಲದ ಲೆಕ್ಕಕ್ಕೆ ಪೌಂಡಿಗೆ ಒಟ್ಟು ನಾಲ್ಕೂವರೆ ಸೆಂಟ್ ಕೊಡುವುದೆಂದು ಗೊತ್ತಾಯಿತು. ಇದರಲ್ಲಿ ವಾರಕ್ಕೆ ಉಳುವವನ ಪಾಲು ಎಷ್ಟು? ಅರ್ಧ ಸೆಂಟ್. ಮಿಕ್ಕ ನಾಲ್ಕು ಸೆಂಟ್ ಒಡೆಯನದು. ಬೆಳೆಯಲ್ಲಿ ಸಮಪಾಲು ಪಡೆಯುತ್ತಿದ್ದವನು ಬೆಳೆಯದಿದ್ದುದರ ಹಣದಲ್ಲಿ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿದನು. ಆ ಅರ್ಧ ಸೆಂಟೂ ಹಲವೆಡೆ ಒಡೆಯನ ಅಂಗಡಿಯ ಸಾಲಕ್ಕೆ ಜಮೆಯಾಗಿ ಹೋಯಿತು.

ಇದಕ್ಕಿಂತ ಕೇಡಾದದ್ದು ಇನ್ನೊಂದಿತ್ತು. ನೆಲದಲ್ಲಿ ಮೂರರಲ್ಲೊಂದು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ಪಾಳುಬಿಟ್ಟ ಮೇಲೆ ಅಷ್ಟು ಜನ ಉಳುವವರು ಏತಕ್ಕೆ? ಹಿಂದಿನಷ್ಟೇ ಒಕ್ಕಲುಗಳನ್ನು ಇಟ್ಟುಕೊಳ್ಳಬೇಕೆಂಬ ಮಾತು ಒಪ್ಪಂದದಲ್ಲಿ ಇತ್ತು. ಆದರೆ ಸಾಧ್ಯವಾದ ಮಟ್ಟಿಗೆ ಎಂಬ ಅರ್ಥದ ಒಂದು ಮಾತೂ ಅದರ ಜೊತೆಗೆ ಸೇರಿತ್ತು. ಆ ಒಂದು ಮಾತಿನ ಸಂದಿಯಲ್ಲಿ ಎಷ್ಟೋ ಸಂಸಾರಗಳು ಬೀದಿಗೆ ಬಿದ್ದುವು. ಒಡೆಯನಿಗೆ ಸಿಕ್ಕಿದ ಹಣದಿಂದ ಟ್ರಾಕ್ಟರು ಬಂದಿತು. ಟ್ರಾಕ್ಟರು ಬಂದಮೇಲೆ ಉಳಿದವರೂ ಬೇಡವಾದರು.

1934ನೆಯ ಜುಲೈ ತಿಂಗಳಲ್ಲಿ ಪಾಯಿನ್‌ಸೆಟ್ ಕೌಂಟಿಯ ಟೈರೋನ್ಜಾ ಎಂಬ ಊರಿನ ಬಳಿ ಹದಿನೆಂಟು ಮಂದಿ ಒಂದೆಡೆ ಸೇರಿದರು. ಅವರಲ್ಲಿ ಹನ್ನೊಂದು ಮಂದಿ ಬಿಳಿಯರು, ಏಳು ಮಂದಿ ಕರಿಯರು. ಬಿಳಿಯರೂ ಕರಿಯರೂ ಒಂದೇ ಶಾಲೆಯಲ್ಲಿ ಓದಲಾಗದಿದ್ದ ಆ ಕಾಲದಲ್ಲಿ ಅವರು ಕೂಡಿ ದಕ್ಷಿಣದ ಗೇಣಿ ರೈತರ ಸಂಘವನ್ನು ಸ್ಥಾಪಿಸಿದರು. ಬಟ್ಟೆ ಒಗೆಸಿಕೊಡುವ ಅಂಗಡಿಯ ಎಚ್. ಎಲ್. ಮಿಚೆಲ್ ಮತ್ತು ಅವನ ನೆರೆಯವನಾದ ಕ್ಲೇ ಈಸ್ಟ್ ಇದರ ಮುಂದಾಳುಗಳು. ಸಂಘದವರು ಬೇಡಿದ್ದು ದಾನವನ್ನಲ್ಲ; ಸರ್ಕಾರವೇ ಬರೆದುಕೊಟ್ಟ ಒಪ್ಪಂದದ ಪಾಲನ್ನು. ಅವರಿಗೆ ದೊರೆತದ್ದು ಬೆದರಿಕೆ, ಹೊಡೆತ, ಸೆರೆಮನೆ. ಅವರ ಮಾತು ವಾಷಿಂಗ್ಟನ್ನಿನವರೆಗೂ ಮುಟ್ಟಿತು. ಕೃಷಿ ಇಲಾಖೆಯ ಕಾನೂನು ವಿಭಾಗದ ಕೆಲವರು, ಒಡೆಯರು ಹಳೆಯ ಒಕ್ಕಲುಗಳನ್ನೇ ಇಟ್ಟುಕೊಳ್ಳತಕ್ಕದ್ದೆಂದು ಒಪ್ಪಂದಕ್ಕೆ ಅರ್ಥಹೇಳಿದರು. ಅದರ ಫಲವಾಗಿ 1935ನೆಯ ಫೆಬ್ರವರಿಯಲ್ಲಿ ಜೆರೋಮ್ ಫ್ರಾಂಕ್ ಮೊದಲಾದವರು ಕೆಲಸವನ್ನೇ ಕಳೆದುಕೊಂಡರು. ಮುಂದೆ ಬಂದ ಕಾಯಿದೆಗಳಲ್ಲಿ ಉಳುವವನ ಪಾಲನ್ನು ಹೆಚ್ಚಿಸಿ ನೇರವಾಗಿ ಅವನಿಗೇ ಕೊಡುವ ಏರ್ಪಾಡಾಯಿತು. ಆದರೆ ಆ ಪಾಲನ್ನು ಕೊಡಲೊಲ್ಲದ ಹಲವರು ಒಡೆಯರು ವಾರದವನನ್ನು ದಿನಗೂಲಿಯವನನ್ನಾಗಿ ಮಾಡಿಬಿಟ್ಟರು. ಕೂಲಿಯವನಿಗೆ ಪಾಲೆಲ್ಲಿಯದು? ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. ಆ ಸಂಘದ ಹಳೆಯ ಕಟ್ಟಡ ಟೈರೋನ್ಜಾದಲ್ಲಿ ಈಗ ವಸ್ತುಸಂಗ್ರಹಾಲಯವಾಗಿದೆ.

ಇನ್ನು ಈಗಿನ ಪದ್ಧತಿಗೆ ಬರೋಣ. 1936ರ ಜನವರಿಯಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯ ಮೊದಲ ಕಾಯಿದೆಯನ್ನು ತಳ್ಳಿಹಾಕಿತು. 1938ರಲ್ಲಿ ಇನ್ನೊಂದು ಕಾಯಿದೆ ಬಂದಿತು. ಅಲ್ಲಿಂದೀಚೆಗೆ ನಾಲ್ಕಾರು ವರ್ಷಗಳಿಗೊಮ್ಮೆ ಕಾಯಿದೆ ಬದಲಾಗುತ್ತ ಬಂದಿದ್ದರೂ ತಳಹದಿ ಅದೇ. ಕೌಂಟಿಗೊಂದರಂತೆ ಕಛೇರಿ, ಆಯಾ ಊರ ರೈತರೇ ಚುನಾಯಿಸಿದ ಕೌಂಟಿ ಸಮಿತಿ. ಈಗ ನಡೆಯುತ್ತಿರುವ ಮುಖ್ಯವಾದ ಎರಡು ಯೋಜನೆಗಳು 2014ರ ಕಾಯಿದೆಯಿಂದ ಬಂದವು. ಇವುಗಳಲ್ಲಿ ಒಂದು ಬೆಲೆಯನ್ನು ನೋಡುತ್ತದೆ, ಇನ್ನೊಂದು ವರಮಾನವನ್ನು ನೋಡುತ್ತದೆ.

ಬೆಲೆಯ ಯೋಜನೆಯನ್ನು ಭತ್ತದ ಉದಾಹರಣೆಯಿಂದ ತಿಳಿಯಬಹುದು. ನೂರು ಪೌಂಡು ಭತ್ತಕ್ಕೆ ಕಾಯಿದೆ ಗೊತ್ತುಮಾಡಿದ ಬೆಲೆ ಮೊದಲು 14 ಡಾಲರ್ ಇದ್ದಿತು. 2025ರ ಜುಲೈನಲ್ಲಿ ಆದ ಕಾಯಿದೆ ಅದನ್ನು 16 ಡಾಲರ್ 90 ಸೆಂಟಿಗೆ ಏರಿಸಿತು. ಪೇಟೆಯ ಸರಾಸರಿ ಬೆಲೆ 14 ಡಾಲರ್ 90 ಸೆಂಟ್ ಆಯಿತೆಂದು ಭಾವಿಸೋಣ. ಕೊರತೆ 2 ಡಾಲರ್. ಎಕರೆಯೊಂದಕ್ಕೆ 6,000 ಪೌಂಡ್ ಇಳುವರಿಯೆಂದು ದಾಖಲೆಯಲ್ಲಿದ್ದರೆ ಎಕರೆಗೆ 120 ಡಾಲರ್ ಆಯಿತು. ಇದರಲ್ಲಿ ನೂರಕ್ಕೆ 85 ಪಾಲನ್ನು, ಅಂದರೆ 102 ಡಾಲರನ್ನು ಸರ್ಕಾರ ಕೊಡುತ್ತದೆ. ನೂರೆಕರೆಯವನಿಗೆ 10,200 ಡಾಲರ್. ಸಾವಿರ ಎಕರೆಯವನಿಗೆ 1,02,000 ಡಾಲರ್. ಗಮನಿಸಬೇಕಾದ ಅಂಶವೇನೆಂದರೆ, ಇಲ್ಲಿ ಎಣಿಸುವುದು ಈ ವರ್ಷ ಬಿತ್ತಿದ ಎಕರೆಯನ್ನಲ್ಲ. ಹಿಂದೆ ಯಾವಾಗಲೋ ಆ ನೆಲದಲ್ಲಿ ಬೆಳೆದುದರ ಆಧಾರದ ಮೇಲೆ ದಾಖಲೆಯಲ್ಲಿ ಬರೆದಿಟ್ಟ ಎಕರೆಯನ್ನು. ಭತ್ತದ ದಾಖಲೆಯಿರುವ ನೆಲದಲ್ಲಿ ಈ ವರ್ಷ ಸೋಯಾ ಅವರೆ ಬಿತ್ತಿದರೂ ಭತ್ತದ ಹಣ ಬರಬಹುದು. ರೈತನು ಸರ್ಕಾರದ ಹಣಕ್ಕಾಗಿ ಬಿತ್ತದೆ ಪೇಟೆಯನ್ನು ನೋಡಿ ಬಿತ್ತಲಿ ಎಂಬ ಸದುದ್ದೇಶವೇ ಇದಕ್ಕೆ ಕಾರಣ. ಆದರೆ ಹಣ ಬೆಳೆಯ ಬೆನ್ನನ್ನು ಬಿಟ್ಟು ನೆಲದ ಬೆನ್ನು ಹತ್ತಿತು.

ವರಮಾನದ ಯೋಜನೆಯಲ್ಲಿ ಕೌಂಟಿಯೇ ಅಳತೆಗೋಲು. ಇಡೀ ಕೌಂಟಿಯ ಸರಾಸರಿ ಇಳುವರಿಯನ್ನು ಬೆಲೆಯಿಂದ ಗುಣಿಸಿ, ಹಿಂದಿನ ಐದು ವರ್ಷಗಳ ಲೆಕ್ಕದೊಡನೆ ಹೋಲಿಸಿ, ಕಡಿಮೆಯಾದರೆ ಹಣ ಕೊಡುತ್ತಾರೆ. ಲೆಕ್ಕ ಸುಲಭವಾಯಿತು, ಮೋಸಕ್ಕೆ ಅವಕಾಶವೂ ಕಡಿಮೆಯಾಯಿತು. ಆದರೆ ಒಬ್ಬನ ಹೊಲಕ್ಕೆ ಮಾತ್ರ ಆಲಿಕಲ್ಲು ಬಿದ್ದು ನೆರೆಹೊರೆಯೆಲ್ಲ ಚೆನ್ನಾಗಿ ಬೆಳೆದಿದ್ದರೆ ಅವನಿಗೆ ಇದರಿಂದ ಏನೂ ಇಲ್ಲ. ಅಂಥ ನಷ್ಟಕ್ಕೆ ಬೇರೆ ಬೆಳೆ ವಿಮೆಯುಂಟು, ಅದರ ಕಂತಿನಲ್ಲಿ ಸರಾಸರಿ ನೂರಕ್ಕೆ ಸುಮಾರು 60 ಪಾಲನ್ನು ಸರ್ಕಾರವೇ ತೆರುತ್ತದೆ. ಕೌಂಟಿಯ ಗಡಿಯ ಮಹಿಮೆ ಇಷ್ಟಕ್ಕೇ ಮುಗಿಯಲಿಲ್ಲ. ಚೀನಾ ದೇಶದೊಡನೆ ಸುಂಕದ ಜಗಳ ನಡೆದ 2019ರಲ್ಲಿ ಕೊಟ್ಟ ಪರಿಹಾರಕ್ಕೆ ಕೌಂಟಿಗೊಂದು ದರವನ್ನು ಗೊತ್ತುಮಾಡಿದರು. ಕನಿಷ್ಠ ದರ ಎಕರೆಗೆ 15 ಡಾಲರ್, ಗರಿಷ್ಠ ದರ 150. ಒಂದು ಬೇಲಿಯ ಈಚೆಗೂ ಆಚೆಗೂ ಒಂದೇ ಮಣ್ಣು, ಒಂದೇ ಮಳೆ. ಆದರೆ ಬೇಲಿಯೇ ಕೌಂಟಿಯ ಗಡಿಯಾಗಿದ್ದರೆ ಇಬ್ಬರಿಗೆ ಬರುವ ಹಣ ಬೇರೆ ಬೇರೆ.

ಒಬ್ಬನಿಗೆ ಮಿತಿಮೀರಿ ಹೋಗಬಾರದೆಂದು ಕಾಯಿದೆಯಲ್ಲಿ ಮಿತಿಯಿದೆ. ವರ್ಷಕ್ಕೆ ಒಬ್ಬರಿಗೆ 1,25,000 ಡಾಲರ್ ಇದ್ದುದನ್ನು 2025ರ ಕಾಯಿದೆ 1,55,000ಕ್ಕೆ ಏರಿಸಿತು. ಆದರೆ ಪಾಲುಗಾರಿಕೆಯಲ್ಲಿ ಬೇಸಾಯ ಮಾಡಿದರೆ ಪಾಲುಗಾರನೊಬ್ಬನಿಗೆ ಒಂದು ಮಿತಿ. ಬೇಸಾಯದ ಸಂಸಾರವೆಂಬ ಮಾತಿನ ಅರ್ಥವನ್ನು 2018ರ ಕಾಯಿದೆ ಹಿಗ್ಗಿಸಿ, ಅಣ್ಣತಮ್ಮಂದಿರ ಮಕ್ಕಳನ್ನೂ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳನ್ನೂ ಒಳಗೆ ಸೇರಿಸಿಕೊಂಡಿತು. ಅವಿಭಕ್ತ ಕುಟುಂಬ ನಮ್ಮಲ್ಲಿ ಕರಗುತ್ತಿರುವಾಗ ಅಮೆರಿಕಾದ ಸಹಾಯಧನದ ಪುಸ್ತಕದಲ್ಲಿ ಅದು ಹೊಸದಾಗಿ ಹುಟ್ಟಿಕೊಂಡಿತೆನ್ನಬಹುದು!

ಹಾಗಾದರೆ ಈ ಪದ್ಧತಿಯಿಂದ ಒಳ್ಳೆಯದೇ ಆಗಿಲ್ಲವೆ? ಹಾಗೆ ಹೇಳುವುದು ಅನ್ಯಾಯ. ಬೇಸಾಯ ಮಳೆಯೊಡನೆಯೂ ಪೇಟೆಯೊಡನೆಯೂ ಆಡುವ ಜೂಜು. ಒಂದೆರಡು ಕೆಟ್ಟ ವರ್ಷಗಳಲ್ಲಿ ರೈತನು ದಿವಾಳಿಯಾದರೆ ಅವನೊಬ್ಬನೇ ಮುಳುಗುವುದಿಲ್ಲ. ಬೀಜದ ಅಂಗಡಿ, ಧಾನ್ಯದ ಕಣಜ, ಊರ ಬ್ಯಾಂಕು, ತೆರಿಗೆಯಿಂದ ನಡೆಯುವ ಶಾಲೆ, ಎಲ್ಲವೂ ಅವನ ಹಿಂದೆ ಮುಳುಗುತ್ತವೆ. ಸರ್ಕಾರಕ್ಕೂ ಇದರ ಅರಿವುಂಟು. ಸವೆದ ನೆಲವನ್ನು ಹತ್ತು ಹದಿನೈದು ವರ್ಷ ಹುಲ್ಲಿಗೆ ಬಿಡುವವರಿಗೆ ಬಾಡಿಗೆ ಕೊಡುವ ಯೋಜನೆ 1985ರಲ್ಲಿ ಬಂದಾಗ, ಸಾಮಾನ್ಯವಾಗಿ ಯಾವ ಕೌಂಟಿಯಲ್ಲಿಯೂ ಸಾಗುವಳಿಯ ನೆಲದ ಕಾಲುಪಾಲಿಗಿಂತ ಹೆಚ್ಚನ್ನು ಹೀಗೆ ಬಿಡಬಾರದೆಂದು ಕಟ್ಟುಮಾಡಿದರು. ಏತಕ್ಕೆಂದರೆ, ಉಳುಮೆ ನಿಂತರೆ ಊರೇ ನಿಲ್ಲುತ್ತದೆ.

ಇಷ್ಟಾದರೂ ಊರುಗಳು ಉಳಿದುವೆ ಎಂದು ಕೇಳಿದರೆ ಉತ್ತರ ಅಷ್ಟು ಸಮಾಧಾನಕರವಲ್ಲ. 1935ರಲ್ಲಿ ಅಮೆರಿಕಾದಲ್ಲಿ ಸುಮಾರು 68 ಲಕ್ಷ ಬೇಸಾಯದ ಹಿಡುವಳಿಗಳಿದ್ದುವು; 2022ರ ಗಣತಿಯಲ್ಲಿ 19 ಲಕ್ಷ. ಯಂತ್ರಗಳೂ ಪಟ್ಟಣದ ಕೂಲಿಯೂ ಇದಕ್ಕೆ ಮುಖ್ಯ ಕಾರಣ, ಸಹಾಯಧನವೊಂದನ್ನೇ ದೂರುವಂತಿಲ್ಲ. ಆದರೆ ಎಕರೆಯ ಲೆಕ್ಕದಲ್ಲಿ ಕೊಟ್ಟ ಹಣ ಹೆಚ್ಚು ಎಕರೆಯವನಿಗೆ ಹೆಚ್ಚಾಗಿ ಹೋಗುವುದು ಲೆಕ್ಕದ ಸ್ವಭಾವ. ಆ ಹಣದಿಂದ ಅವನು ಪಕ್ಕದ ಹೊಲವನ್ನು ಕೊಳ್ಳುತ್ತಾನೆ. ನಗದು ಗೇಣಿಗೆ ಮಾಡುವವನಿಗೆ ಕಾನೂನಿನಂತೆ ಹಣ ಅವನ ಕೈಗೇ ಬರುತ್ತದೆ, ನಿಜ. ಆದರೆ ಮುಂದಿನ ಕರಾರಿನಲ್ಲಿ ಒಡೆಯನು ಗೇಣಿಯನ್ನು ಏರಿಸಿದರೆ ಅದರಲ್ಲಿ ಒಂದು ಪಾಲು ಸದ್ದಿಲ್ಲದೆ ಒಡೆಯನ ಮನೆಗೆ ನಡೆದುಹೋಗುತ್ತದೆ. ಸಹಾಯಧನ ನೆಲದ ಬೆಲೆಯಲ್ಲಿಯೂ ಗೇಣಿಯಲ್ಲಿಯೂ ಇಂಗಿಹೋಗುತ್ತದೆಂಬುದು ಅರ್ಥಶಾಸ್ತ್ರಜ್ಞರು ಬಹುಮಟ್ಟಿಗೆ ಒಪ್ಪಿದ ಮಾತು.

ಕೌಂಟಿಯ ಕಛೇರಿಗಳಲ್ಲಿಯೂ ಎಲ್ಲರಿಗೂ ಒಂದೇ ಬಾಗಿಲಿರಲಿಲ್ಲ. ಸಾಲ ಸಹಾಯಗಳಲ್ಲಿ ತಮಗೆ ಅನ್ಯಾಯವಾಯಿತೆಂದು ಕರಿಯ ರೈತರು ಹೂಡಿದ ಪಿಗ್‌ಫರ್ಡ್ ಮೊಕದ್ದಮೆ 1999ರಲ್ಲಿ ರಾಜಿಯಾಗಿ, ಸರ್ಕಾರ ದೊಡ್ಡ ಮೊತ್ತದ ಪರಿಹಾರ ಕೊಡಬೇಕಾಯಿತು; ಹೊರಗುಳಿದವರಿಗಾಗಿ 2010ರಲ್ಲಿ 125 ಕೋಟಿ ಡಾಲರಿನ ಎರಡನೆಯ ರಾಜಿಯಾಯಿತು. ಊರವರ ಕೈಗೆ ಅಧಿಕಾರ ಕೊಡುವುದು ಒಳ್ಳೆಯದೇ. ಆದರೆ ಊರಿನಲ್ಲಿ ಬಲಿಷ್ಠರು ಯಾರೋ ಸಮಿತಿಯೂ ಅವರದೇ ಆಗುವ ಅಪಾಯ ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಅಮೆರಿಕದವರಿಂದ ಕಲಿಯತಕ್ಕ ಒಂದು ಗುಣವಿದೆ: ಕೊಟ್ಟ ಹಣದ ಲೆಕ್ಕ ಬಹಿರಂಗವಾದದ್ದು. 2001ರಲ್ಲಿ ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ ಸರ್ಕಾರದ ಕಡತಗಳನ್ನು ಪಡೆದು ಯಾವ ಕೌಂಟಿಯಲ್ಲಿ ಯಾರಿಗೆ ಎಷ್ಟು ಸಂದಿತೆಂಬುದನ್ನು ಪ್ರಕಟಿಸಿತು. ಪಕ್ಕದ ಹೊಲದವನಿಗೆ ಬಂದುದು ಊರಿಗೆಲ್ಲ ತಿಳಿಯಿತು. ಕಾಳಿನ ಪಾಲು ಕೆಲವರ ಕಣಜಕ್ಕೆ ಹೋಗುತ್ತಿದೆಯೆಂಬ ವಾದಕ್ಕೆ ಅಂಕಿಗಳ ಆಧಾರ ಸಿಕ್ಕಿತು.

ದೂರದ ಕೌಂಟಿಯ ಈ ಲೆಕ್ಕ ನಮಗೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಹತ್ತಿಯ ಪೇಟೆ ಲೋಕಕ್ಕೆಲ್ಲ ಒಂದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಾದ ಹತ್ತಿಬೀಜ ಧಾರವಾಡದ ಕರಿಯ ನೆಲಕ್ಕೆ ಬಂದು ಧಾರವಾಡ-ಅಮೆರಿಕನ್ ಎಂಬ ಹೆಸರನ್ನೇ ಪಡೆಯಿತು. 1861ರಿಂದ 1865ರವರೆಗೆ ಆ ದೇಶದಲ್ಲಿ ಅಂತರ್ಯುದ್ಧ ನಡೆದಾಗ ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತ್ತು. ಅಲ್ಲಿಯ ಬೆಳೆಗೆ ಸರ್ಕಾರದ ಆಸರೆ ಹೆಚ್ಚಾಗಿ ಪೇಟೆಗೆ ಹತ್ತಿ ಹೆಚ್ಚು ಬಂದರೆ ಹಾವೇರಿ ರಾಯಚೂರುಗಳ ರೈತನಿಗೂ ಅದರ ಬಿಸಿ ತಗಲುತ್ತದೆ. ಈ ಕಾರಣದಿಂದಲೇ ಬ್ರೆಜಿಲ್ ದೇಶ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದು 2005ರಲ್ಲಿ ಗೆದ್ದಿತು. 2014ರಲ್ಲಿ ಅಮೆರಿಕಾ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯವನ್ನು ಮುಗಿಸಿಕೊಂಡಿತು. ಇನ್ನೊಂದು ಕಡೆ, 2018ರ ಮೇ ತಿಂಗಳಲ್ಲಿ ಅಮೆರಿಕಾ, ಭಾರತ ಸರ್ಕಾರ ಅಕ್ಕಿ ಗೋಧಿಗಳಿಗೆ ಕೊಡುವ ಬೆಂಬಲ ಬೆಲೆ ಮಿತಿಮೀರಿದೆಯೆಂದು ಅದೇ ಸಂಸ್ಥೆಯಲ್ಲಿ ಆಕ್ಷೇಪಿಸಿತು. ಒಬ್ಬರ ಆಸರೆ ಇನ್ನೊಬ್ಬರ ಕಣ್ಣಿಗೆ ಅನ್ಯಾಯವಾಗಿ ಕಾಣುವುದು ಹೀಗೆ.

ಇದಕ್ಕಿಂತ ಹತ್ತಿರದ ಸಂಬಂಧವೂ ಒಂದುಂಟು. ಭಾರತ ಸರ್ಕಾರ 2019ರಲ್ಲಿ ಆರಂಭಿಸಿದ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ನೆಲವುಳ್ಳ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ ಬ್ಯಾಂಕಿನ ಖಾತೆಗೇ ಸಲ್ಲುತ್ತದೆ. ಎಕರೆಗಿಷ್ಟು ಎನ್ನದೆ ಸಂಸಾರಕ್ಕಿಷ್ಟು ಎಂದದ್ದರಿಂದ ಸಣ್ಣ ಹಿಡುವಳಿಯವನಿಗೂ ದೊಡ್ಡವನಿಗೂ ಒಂದೇ ಮೊತ್ತ. ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿ ಅವರದಕ್ಕಿಂತ ಸಮವಾದದ್ದು. ಆದರೆ ಪಹಣಿಯಲ್ಲಿ ಹೆಸರಿಲ್ಲದವನಿಗೆ ಏನೂ ಇಲ್ಲ. ನಮ್ಮ ರಾಜ್ಯದಲ್ಲಿ 1974ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಾಯಿದೆ ಉಳುವವನನ್ನು ಒಡೆಯನನ್ನಾಗಿ ಮಾಡಿ ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿತು. ಅದು ದೊಡ್ಡ ಕೆಲಸ. ಆದರೂ ಬಾಯಿಮಾತಿನ ಗುತ್ತಿಗೆಯ ಮೇಲೆ ಇನ್ನೊಬ್ಬರ ಹೊಲವನ್ನು ಮಾಡುವವರು ಇಂದಿಗೂ ಇದ್ದಾರೆ. ಕಾಗದವಿಲ್ಲದ ಕಾರಣ ಅವರು ಸರ್ಕಾರದ ಕಣ್ಣಿಗೆ ರೈತರೇ ಅಲ್ಲ. ಬಿತ್ತಿ ಬೆವರು ಸುರಿಸುವವನು ಒಬ್ಬ. ಪಟ್ಟಣದಲ್ಲಿ ಕುಳಿತು ಖಾತೆಗೆ ಬಂದ ಹಣವನ್ನು ನೋಡಿಕೊಳ್ಳುವವನು ಇನ್ನೊಬ್ಬ. ಆ ಇನ್ನೊಬ್ಬನು ನಮ್ಮ ನಿಮ್ಮ ನೆಂಟರಲ್ಲಿಯೇ ಇರಬಹುದು, ನಮ್ಮಲ್ಲಿಯೇ ಒಬ್ಬರಾಗಿರಲೂಬಹುದು. ಟೈರೋನ್ಜಾದ ಹದಿನೆಂಟು ಮಂದಿ ಎತ್ತಿದ ಪ್ರಶ್ನೆ ಇಷ್ಟು ಹತ್ತಿರದಲ್ಲಿದೆ.

ಆದಕಾರಣ, ರೈತನಿಗೆ ಇಷ್ಟು ಕೋಟಿ ಕೊಟ್ಟರೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ಮೊತ್ತವನ್ನು ನೋಡಿ ಮೆಚ್ಚುವುದನ್ನೂ ಮುನಿಯುವುದನ್ನೂ ಸ್ವಲ್ಪ ತಡೆದು, ಕೆಲವು ಮಾತುಗಳನ್ನು ಕೇಳಿಕೊಳ್ಳುವುದು ಲೇಸು. ಆ ಹಣವನ್ನು ಎಣಿಸಿದ್ದು ಎಕರೆಯಿಂದಲೋ, ಬೆಳೆಯಿಂದಲೋ, ಸಂಸಾರದಿಂದಲೋ? ಹೆಸರು ಬರೆದವರು ಯಾರು? ಆ ಪಟ್ಟಿಯನ್ನು ಊರವರು ಓದಬಹುದೆ? ನೆಲದ ಮೇಲೆ ನಿಂತು ದುಡಿಯುವವನ ಹೆಸರು ಆ ಪಟ್ಟಿಯಲ್ಲಿ ಉಂಟೆ? ಇವಕ್ಕೆ ಉತ್ತರ ದೊರೆತ ಮೇಲೆ ಹಣ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಚರ್ಚೆಯನ್ನು ಧಾರಾಳವಾಗಿ ಮಾಡಬಹುದು. ಇಷ್ಟನ್ನು ನಿಮ್ಮ ವಿಚಾರಕ್ಕೆ ಒಪ್ಪಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.